ಮಧ್ಯಾಹ್ನದ ಉತ್ತರಗಳು

ಧಾರವಾಡಕ್ಕೆ ಕೀಲುಜ್ವರ ಮೂರನೆಯ ಸಲ ಬಂದು ಹೋದ ವರ್ಷ ಊರಿನ ಪ್ರತಿ ಮನೆಯ ಹಿತ್ತಲಗೋಡೆಗೂ ಒಂದೊಂದು ಕಿವಿ ಮೂಡಿತು. ಬೆಂಕಿಪೊಟ್ಟಣದಷ್ಟು ದೊಡ್ಡ ಬೂದು ಡಬ್ಬಿ, ಮುಂದೆ ಜರಡಿಯಂಥ ತೂತುಗಳು. ಕಾಗದಪತ್ರಗಳಲ್ಲಿ ಅದಕ್ಕೊಂದು ಉದ್ದನೆಯ ಹೆಸರಿತ್ತು. ಜನ ಕಿವಿಗೂಡು ಎಂದರು. ಬಚ್ಚಲ ನೀರು ಹರಿಯುವಲ್ಲಿ, ಹೂಕುಂಡದ ಸುತ್ತ, ಬಟ್ಟೆ ಒಣಹಾಕುವ ತಂತಿಯ ಕೆಳಗೆ ಯಾವ ಹುಳ ಹಾರಿದರೂ ಕಿವಿಗೂಡು ಅದರ ರೆಕ್ಕೆಯ ಸದ್ದು ಹಿಡಿದು ನಿಗಾ ಕೇಂದ್ರಕ್ಕೆ ಕಳಿಸುತ್ತಿತ್ತು. ಒಂದೊಂದು ಹುಳಕ್ಕೆ ಒಂದೊಂದು ಶ್ರುತಿ. ಮನೆನೊಣ ಸೆಕೆಂಡಿಗೆ ಇನ್ನೂರು ಸಲ ರೆಕ್ಕೆ ಬಡಿದರೆ, ಜ್ವರ ಹರಡುವ ಕೀಲುಸೊಳ್ಳೆ ಐನೂರರಿಂದ ಆರುನೂರು ಸಲ ಬಡಿಯುತ್ತದೆ. ಕೇಂದ್ರದ ಯಂತ್ರ ಶ್ರುತಿ ಕೇಳಿ ಜಾತಿ ಹೇಳುತ್ತಿತ್ತು. ಒಂದು ಓಣಿಯಲ್ಲಿ ದಿನಕ್ಕೆ ನಲವತ್ತಕ್ಕಿಂತ ಹೆಚ್ಚು ಕೀಲುಸೊಳ್ಳೆ ಕೇಳಿಸಿದರೆ ಮರುದಿನ ಬೆಳಗಿನ ಆರಕ್ಕೆ ಡ್ರೋನುಗಳು ಬಂದು ಔಷಧದ ಮಂಜು ಕವಿಸಿ ಹೋಗುತ್ತಿದ್ದವು.

ಆದರೆ ಯಂತ್ರಕ್ಕೂ ಅನುಮಾನ ಎಂಬುದಿತ್ತು. ನೂರು ಸದ್ದಿನಲ್ಲಿ ತೊಂಬತ್ತೇಳನ್ನು ತಾನೇ ತೀರ್ಮಾನಿಸಿ, ಉಳಿದ ಮೂರನ್ನು ಮನುಷ್ಯರ ಕಿವಿಗೆ ದಾಟಿಸುತ್ತಿತ್ತು. ಹಾಗೆ ದಾಟಿ ಬಂದುದನ್ನು ಕೇಳಲು ಕೂತ ಹನ್ನೆರಡು ಜನರಲ್ಲಿ ಮಹಾನಂದಾ ಕಡೇಮನಿಯೂ ಒಬ್ಬಳು.

ಅವಳಿಗೆ ನಲವತ್ತೇಳು ವರ್ಷ. ಕಾಲೇಜೊಂದರ ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷ ಸಹಾಯಕಿಯಾಗಿದ್ದವಳು. ಆ ವಿಭಾಗ ಮುಚ್ಚಿದ ಮೇಲೆ ಇಲ್ಲಿಗೆ ಬಂದಳು. ಏಳನೆಯ ಕುರ್ಚಿ ಅವಳದು. ಕಿವಿಗೆ ಹೆಡ್‌ಫೋನು, ಎದುರಿಗೆ ಪರದೆ, ಕೈಕೆಳಗೆ ಮೂರು ಗುಂಡಿ: ಕೀಲುಸೊಳ್ಳೆ, ಬೇರೆ, ತಿಳಿಯದು. ಎರಡು ಸೆಕೆಂಡಿನ ಸದ್ದು ಬರುತ್ತದೆ, ಒತ್ತಬೇಕು. ಮತ್ತೊಂದು ಬರುತ್ತದೆ, ಒತ್ತಬೇಕು. ಪಾಳಿಯೊಂದಕ್ಕೆ ನಾಲ್ಕು ಸಾವಿರ. ‘ತಿಳಿಯದು’ ಒತ್ತಿದರೆ ಯಾಕೆ ತಿಳಿಯಲಿಲ್ಲ ಎಂದು ಪರದೆ ನಾಲ್ಕು ಪ್ರಶ್ನೆ ಕೇಳುತ್ತಿತ್ತು. ಅಷ್ಟರಲ್ಲಿ ಮೂರು ಸದ್ದು ಕೈತಪ್ಪಿ ಹೋಗುತ್ತಿದ್ದವು. ಮೊದಲ ತಿಂಗಳು ಮಹಾನಂದಾ ಆ ಗುಂಡಿಯನ್ನು ಪ್ರಾಮಾಣಿಕವಾಗಿ ಒತ್ತಿದಳು. ಎರಡನೆಯ ತಿಂಗಳು ಬಿಟ್ಟಳು.

ಬೆಳಿಗ್ಗೆ ಅವಳ ಕಿವಿ ಚುರುಕಾಗಿರುತ್ತಿತ್ತು. ಹೂನೊಣ ಯಾವುದು, ಕಣಜ ಯಾವುದು, ಮೋರಿನೊಣ ಯಾವುದು ಎಂದು ಶ್ರುತಿಯಲ್ಲೇ ಬೇರೆ ಮಾಡುತ್ತಿದ್ದಳು. ಊಟವಾಗಿ ಮೂರು ಗಂಟೆ ದಾಟಿದರೆ ಎಲ್ಲವೂ ಒಂದೇ. ತೆಳ್ಳಗಿನ ಗುಂಯ್ ಎಂಬುದೊಂದು ದಾರ. ಆ ದಾರ ತಲೆಯೊಳಗೆ ಸುತ್ತಿಕೊಳ್ಳುತ್ತ ಹೋಗಿ ಗಂಟಾಗುತ್ತಿತ್ತು. ಆಗ ತೆಳ್ಳಗೆ ಕೇಳಿಸಿದ್ದಕ್ಕೆಲ್ಲ ಅವಳ ಬೆರಳು ಕೀಲುಸೊಳ್ಳೆಯ ಗುಂಡಿಗೇ ಹೋಗುತ್ತಿತ್ತು. ಆಯಾಸ ಒಂದೇ ಕಾರಣ ಎಂದರೆ ಸುಳ್ಳಾದೀತು. ಒಂದು ಸೊಳ್ಳೆ ತಪ್ಪಿಸಿಕೊಂಡರೆ ಒಬ್ಬರ ಕೈಯೋ ಕಾಲೋ ಹೋಯಿತೆಂಬುದನ್ನು ಅವಳು ತನ್ನ ಮನೆಯಲ್ಲೇ ಕಂಡಿದ್ದಳು.

ಅವಳ ಗಂಡ ಚೆನ್ನವೀರ ಮೋಟಾರು ವೈಂಡಿಂಗ್ ಮಾಡುತ್ತಿದ್ದವನು. ಸುಟ್ಟುಹೋದ ಪಂಪಿನ ಮೋಟಾರಿಗೆ ಹೊಸ ತಂತಿ ಸುತ್ತಿ ಸ್ವಿಚ್ ಹಾಕಿ, ಅದು ಮೊದಲ ಸಲಕ್ಕೇ ತಿರುಗಿತೆಂದರೆ ನಾಲಗೆಯಿಂದ ಮೂರು ಸಲ ಚ್ ಚ್ ಚ್ ಎಂದು ಲೊಚಗುಟ್ಟುವುದು ಅವನ ರೂಢಿ. ಮೂರು ವರ್ಷದ ಹಿಂದೆ ಜ್ವರ ಬಂದು ಹತ್ತು ಬೆರಳೂ ಅರ್ಧ ಮಡಿಚಿದಂತೆಯೇ ಬಿಗಿದುಕೊಂಡವು. ತಟ್ಟೆಯಿಂದ ಅನ್ನ ಎತ್ತುವಷ್ಟು ಬಂತು, ತಂತಿ ಹಿಡಿಯುವಷ್ಟು ಬರಲಿಲ್ಲ. ಅಂಗಡಿ ಮುಚ್ಚಿದ. ಲೊಚಗುಟ್ಟುವುದೂ ನಿಂತಿತು. ಮಾಳಮಡ್ಡಿಯ ಆ ಸಣ್ಣ ಮನೆಯ ಹಿತ್ತಲಲ್ಲಿ ಒಂದು ಹಾಗಲಬಳ್ಳಿ ಹಬ್ಬಿಸಿ, ಅದರ ಪಕ್ಕ ಕುರ್ಚಿ ಹಾಕಿಕೊಂಡು ದಿನವಿಡೀ ಹುಳ ನೋಡುತ್ತ ಕೂರತೊಡಗಿದ.

ಮೊದಮೊದಲು ಅದು ಹೊತ್ತು ಕಳೆಯುವ ದಾರಿ. ಬರಬರುತ್ತ ಅದೇ ಅವನ ಕಸುಬಾಯಿತು. ಚಿಟ್ಟೆಗಳು ಎಷ್ಟು ಹೊತ್ತಿಗೆ ಬರುತ್ತವೆ, ಗೆದ್ದಲು ಯಾವ ಕಡೆಯಿಂದ ಏರುತ್ತದೆ, ಕಟ್ಟಿರುವೆ ಯಾವ ಎಲೆ ಬಿಡುತ್ತದೆ, ಎಲ್ಲ ಅವನಿಗೆ ಬಾಯಿಪಾಠ.

“ದೊಡ್ಡವು ಬರತಾವ,” ಎನ್ನುತ್ತಿದ್ದ ಅವನು, ಅವಳು ಕೆಲಸದಿಂದ ಬಂದು ಕಾಲು ಚಾಚಿದಾಗ. “ಸಣ್ಣವು ಬರವಲ್ವು ನಂದಾ. ಎರಡು ವರ್ಷ ಆತು. ಹಾಗಲಕ ಸಣ್ಣ ಹುಳ ಬೇಕು. ಹೂವು ಮುಂಜಾನೆ ಅರಳತೈತಿ, ಸಂಜಿಕ ಉದರತೈತಿ. ಕಾಯಿ ಕಟ್ಟೂದಿಲ್ಲ.”

“ಕುಂಚ ತಗೊಂಡು ನಾವ ಪರಾಗ ಹಚ್ಚಬೇಕಂತ್ರಿ. ಎಲ್ಲಾರೂ ಹಂಗ ಮಾಡಾಕತ್ತಾರ.”

“ಕುಂಚ ಹಿಡಿಯಾಕ ಬೆರಳು ಬೇಕಲ್ಲ.”

ಹಾಗೆಂದ ಮೇಲೆ ಅವಳು ಬೆಳಿಗ್ಗೆ ಬಸ್ಸಿಗೆ ಹೊರಡುವ ಮೊದಲು ಕುಂಚ ಹಿಡಿದು ಗಂಡುಹೂವಿನಿಂದ ಹೆಣ್ಣುಹೂವಿಗೆ ಪರಾಗ ಮುಟ್ಟಿಸಿ ಹೋಗುತ್ತಿದ್ದಳು. ಒಂದು ವಾರ ಮಾಡಿದಳು. ಆಮೇಲೆ ಒಂದು ದಿನ ಮರೆತಳು, ಮತ್ತೊಂದು ದಿನ ಏಳಲಾಗಲಿಲ್ಲ. ಅವನು ಕೇಳಲಿಲ್ಲ.

ಆ ಸಣ್ಣ ಹುಳಗಳನ್ನು ಮಂಜು ಕೊಲ್ಲುತ್ತಿದೆಯೇನೋ ಎಂಬ ಗುಮಾನಿ ಅವಳಿಗಿರಲಿಲ್ಲವೆಂದಲ್ಲ. ಔಷಧದ ಕಣವನ್ನೇ ಹಾಗೆ ಮಾಡಿದ್ದರು. ಅಕ್ಕಿಕಾಳಿಗಿಂತ ಹಗುರವಾದ ಮೈಗೆ ಅದು ವಿಷ, ಅದಕ್ಕಿಂತ ಭಾರದ್ದಕ್ಕೆ ಬರೀ ತೇವ. ಹೆಜ್ಜೇನಿಗೆ ಏನಾಗುವುದಿಲ್ಲ, ಚಿಟ್ಟೆಗೆ ಏನಾಗುವುದಿಲ್ಲ ಎಂದು ಕೇಂದ್ರದ ಗೋಡೆಯ ಮೇಲೇ ಬರೆದಿತ್ತು. ಅಕ್ಕಿಕಾಳಿಗಿಂತ ಹಗುರವಾದ ಮೈ ಸೊಳ್ಳೆಯದೊಂದೇ ಅಲ್ಲ ಎಂದು ಎಲ್ಲೂ ಬರೆದಿರಲಿಲ್ಲ. ಅವಳಾದರೂ ಹೆಚ್ಚು ಯೋಚಿಸಲಿಲ್ಲ. ನಾಲ್ಕು ಸಾವಿರ ಸದ್ದು ಕೇಳಿ ಬಂದವಳಿಗೆ ಯೋಚನೆ ಮಾಡುವುದಕ್ಕೂ ಕಸುವು ಬೇಕಲ್ಲ.

ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಕೇಂದ್ರದ ಇಂಜಿನಿಯರ್ ಫೌಜಿಯಾ ಮುಲ್ಲಾ ಹನ್ನೆರಡೂ ಜನರನ್ನು ಕೂರಿಸಿಕೊಂಡು ಸುದ್ದಿ ಹೇಳಿದಳು. ಯಂತ್ರ ಕಟ್ಟುವ ಕೆಲಸ ಅವಳದು. ಮೂವತ್ತು ದಾಟದ, ಮಾತಿನಲ್ಲಿ ಮರ್ಯಾದೆಯ ಹುಡುಗಿ. ಮುಂದಿನ ಸೋಮವಾರ ಹೊಸ ಯಂತ್ರ ಬರುತ್ತದೆ. ಎರಡೂವರೆ ವರ್ಷದ ಎಲ್ಲ ಉತ್ತರಗಳನ್ನು ಅದಕ್ಕೆ ಕಲಿಸಿಯಾಗಿದೆ. ಇನ್ನು ಅದಕ್ಕೆ ಅನುಮಾನವೇ ಬರುವುದಿಲ್ಲ. ಕೇಳುವ ಕುರ್ಚಿಗಳು ಬೇಕಾಗುವುದಿಲ್ಲ. ಎಲ್ಲರಿಗೂ ಬೇರೆ ಕೆಲಸ ಕೊಡುತ್ತಾರೆ.

ಸಭೆ ಮುಗಿದ ಮೇಲೆ ಅವಳು ಮಹಾನಂದಾಳ ಕುರ್ಚಿಯ ಹತ್ತಿರ ಬಂದಳು.

“ಅಕ್ಕಾರ, ನಿಮಗೊಂದು ಮಾತು ಹೇಳಬೇಕಾಗಿತ್ತು. ಯಂತ್ರ ಎಲ್ಲಾರಕಿಂತ ಹೆಚ್ಚು ನಿಮ್ಮಿಂದ ಕಲತೈತಿ.”

“ನನ್ನಿಂದ ಯಾಕ್ರಿ?”

“ನೀವು ತಡಾ ಮಾಡೂದಿಲ್ಲ. ತಿಳಿಯದು ಅಂತ ಅನ್ನೂದಿಲ್ಲ. ಅನುಮಾನ ಇಲ್ಲದವರ ಉತ್ತರಕ್ಕ ಯಂತ್ರ ಹೆಚ್ಚು ತೂಕ ಕೊಡತೈತಿ. ಈಗ ಅದು ಕೇಳೂದು ಒಂದು ಲೆಕ್ಕದಾಗ ನಿಮ್ಮ ಕಿವೀಲೆನ ಅಂದ್ರ ತಪ್ಪಿಲ್ಲ.”

ಫೌಜಿಯಾ ಇದನ್ನು ಹೊಗಳಿಕೆಯೆಂದೇ ಹೇಳಿ ಹೋದಳು. ಮಹಾನಂದಾಳಿಗೆ ತನ್ನ ಮಧ್ಯಾಹ್ನಗಳು ನೆನಪಾದವು. ಆದರೆ ಸದ್ದುಗಳು ಸಾಲುಗಟ್ಟಿ ನಿಂತಿದ್ದವು. ಹೆಡ್‌ಫೋನು ಏರಿಸಿಕೊಂಡಳು.

ಆವತ್ತು ಮಧ್ಯಾಹ್ನ ಮೂರೂ ಮುಕ್ಕಾಲಿರಬೇಕು. ಒಂದು ಸದ್ದು ಬಂತು. ತೆಳ್ಳಗೆ, ಸ್ವಲ್ಪ ನಡುಗಿದಂತೆ. ಕೀಲುಸೊಳ್ಳೆ, ನೂರಕ್ಕೆ ಐವತ್ತೆಂಟು ಎಂದು ಯಂತ್ರ ತೋರಿಸಿತು. ಬೆರಳು ತಾನಾಗಿ ಒತ್ತಿತು. ಒತ್ತುವ ಹೊತ್ತಿಗೇ ಆ ರೆಕ್ಕೆಯ ಹಿಂದೆ, ಸದ್ದಿನ ತುದಿಯಲ್ಲಿ, ಇನ್ನೊಂದು ಕೇಳಿಸಿತು. ಚ್ ಚ್ ಚ್.

ಮನೆಮಂದಿಯ ಮಾತು ಹೊರಗೆ ಹೋಗಬಾರದೆಂದು ಕಿವಿಗೂಡು ಮಾತನ್ನೆಲ್ಲ ಅಳಿಸಿ ಕಳಿಸುತ್ತಿತ್ತು. ಯಾವ ಮನೆಯ ಸದ್ದೆಂಬುದನ್ನೂ ಕೇಳುವವರಿಗೆ ತೋರಿಸುತ್ತಿರಲಿಲ್ಲ. ಆದರೆ ಲೊಚಗುಟ್ಟುವುದು ಮಾತಲ್ಲವಲ್ಲ, ಅದು ಜರಡಿಯಿಂದ ಜಾರಿ ಬಂದುಬಿಟ್ಟಿತ್ತು. ಮೂರು ವರ್ಷದಿಂದ ಕೇಳದ ಸದ್ದು. ಚೆನ್ನವೀರ ಯಾವುದನ್ನೋ ನೋಡಿ ಖುಷಿಪಟ್ಟಿದ್ದ.

ಅವಳು ಹೆಡ್‌ಫೋನು ತೆಗೆದಿಟ್ಟು ಎದ್ದಳು. ಫೌಜಿಯಾಳ ಕೋಣೆಗೆ ಹೋಗಿ, “ಒಂದು ಉತ್ತರ ವಾಪಸ್ ತಗೋಬೇಕ್ರಿ ಮ್ಯಾಡಂ. ತಪ್ಪಿ ಒತ್ತಿದೆ,” ಎಂದಳು.

“ಒಮ್ಮೆ ಒತ್ತಿದ್ದು ವಾಪಸ್ ಬರೂದಿಲ್ಲ ಅಕ್ಕಾರ. ಒಂದಕ್ಕ ಏನಾಗತೈತಿ ಬಿಡ್ರಿ.”

“ಮಾಳಮಡ್ಡಿ ನಾಕನೇ ಓಣಿದು ಇವತ್ತ ಎಷ್ಟಾಗೈತಿ, ನೋಡತೀರೇನು?”

ಫೌಜಿಯಾ ನೋಡಿದಳು. “ನಲವತ್ತೊಂದು. ನಾಳೆ ಮುಂಜಾನೆ ಹೊಡೀತಾರ. ಯಾಕ್ರಿ, ಅಲ್ಲೇ ಏನು ನಿಮ್ಮ ಮನಿ? ಹಂಗಾದ್ರ ಛೊಲೋನ ಆತಲ್ಲ.”

ಮಹಾನಂದಾ ಹೌದೆಂದಳೋ ಇಲ್ಲವೆಂದಳೋ ಅವಳಿಗೇ ನೆನಪಿಲ್ಲ. ಪಾಳಿ ಮುಗಿಸಿ ಬಸ್ಸು ಹಿಡಿದಳು.

ಚೆನ್ನವೀರ ಬಾಗಿಲಲ್ಲೇ ನಿಂತಿದ್ದ. ಚಪ್ಪಲಿ ಬಿಡಗೊಡಲಿಲ್ಲ.

“ಬಾ, ಬಾ. ಮೊದಲ ಹಿತ್ತಲಕ ಬಾ.”

ಕರೆಂಟಿನ ಮೀಟರು ಕೂರಿಸಿದ ಹಳೆಯ ಇಟ್ಟಿಗೆಗೋಡೆ. ಮೀಟರಿನ ಹಲಗೆಯ ಕೆಳಗೆ, ಗಾರೆ ಉದುರಿದ ಬಿರುಕಿನಿಂದ, ಮೇಣದ ಒಂದು ಸಣ್ಣ ನಳಿಗೆ ಹೊರಚಾಚಿತ್ತು. ಕಿರುಬೆರಳಿನಷ್ಟು ಉದ್ದ, ಅದಕ್ಕಿಂತ ಸಪೂರ. ನಳಿಗೆಯ ಬಾಯಲ್ಲಿ ಎಳ್ಳುಕಾಳಿನಂಥ ಕರಿಯ ಹುಳಗಳು ಮೂರೋ ನಾಲ್ಕೋ ಕಾವಲು ಕೂತಿದ್ದವು. ಒಂದು ಹಾರಿ ಬಂದು ಒಳಗೆ ಹೊಕ್ಕಿತು. ಅದರ ಹಿಂಗಾಲಿಗೆ ಹಳದಿ ಮೆತ್ತಿತ್ತು.

“ಇವತ್ತ ಹಾಗಲದ ಹೂವಿನ ಮ್ಯಾಲ ನಾಕು ಕುಂತಿದ್ದುವು. ಬೆನ್ನ ಹತ್ತಿ ನೋಡತೇನಿ, ನಮ್ಮ ಗ್ವಾಡ್ಯಾಗ ಮನಿ ಮಾಡ್ಯಾವ! ಯಾ ಹುಳಾ ಇವು?”

“ಮುಜಂಟಿ ಅಂತಾರ,” ಎಂದಳು ಅವಳು. ಪ್ರಯೋಗಾಲಯದ ಗಾಜಿನ ಪೆಟ್ಟಿಗೆಯಲ್ಲಿ ಸೂಜಿ ಚುಚ್ಚಿ ಇಟ್ಟದ್ದನ್ನು ಮಾತ್ರ ಕಂಡಿದ್ದಳು. “ಜೇನ ಇವು. ಕಡಿಯೂದಿಲ್ಲ.”

ಅವಳಿಗೆ ಆಗಲೇ ಎಲ್ಲ ತಿಳಿದುಹೋಯಿತು. ಈ ಜೇನಿನ ರೆಕ್ಕೆ ಸೆಕೆಂಡಿಗೆ ಮುನ್ನೂರು ಸಲದ ಆಸುಪಾಸು ಬಡಿಯುತ್ತದೆ. ಆದರೆ ಯಾವ ನಾದವೂ ತನ್ನ ಇಮ್ಮಡಿಯ ನಾದವನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಸದ್ದು ಕ್ಷೀಣವಾದಾಗ ಕೆಳಗಿನ ಮುನ್ನೂರು ಗಾಳಿಯ ಗದ್ದಲದಲ್ಲಿ ಮುಳುಗಿ, ಮೇಲಿನ ಆರುನೂರು ಮಾತ್ರ ಉಳಿಯುತ್ತದೆ. ಆಗ ಅದು ಥೇಟು ಕೀಲುಸೊಳ್ಳೆ. ಕಿವಿಗೊಟ್ಟು ಕೇಳಿದರೆ ಆ ಅಡಿಯ ನಾದ ಸಿಗುತ್ತದೆ. ಬೆಳಿಗ್ಗೆಯಾಗಿದ್ದರೆ ಅವಳೇ ಹಿಡಿಯುತ್ತಿದ್ದಳು.

“ರೀ,” ಎಂದಳು, “ನಾಳೆ ಮುಂಜಾನೆ ಮಂಜು ಹೊಡೀತಾರ.”

ಅವನ ಮುಖ ಇಳಿಯಿತು. “ನಮ್ಮ ಓಣಿಗೆ ಏನು?”

“ನಲವತ್ತೊಂದು ಆಗೈತಿ. ಆ ನಲವತ್ತೊಂದನೇದು ಇದ. ನಾನ ಒತ್ತೇನಿ.”

ಚೆನ್ನವೀರ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನು ನಳಿಗೆಯನ್ನೇ ನೋಡುತ್ತ, “ದಣಿದಿರತಿ ನೀನು,” ಎಂದ. “ದಣಿದಾಗ ನಾನೂ ಒಮ್ಮೆ ತಂತಿ ಉಲ್ಟಾ ಸುತ್ತಿದ್ದೆ. ಮೋಟಾರು ಸುಟ್ಟಿತು. ಒಂದ ಮೋಟಾರು ಸುಟ್ಟಿತು, ಅಷ್ಟ.”

ಆ ‘ಅಷ್ಟ’ ಎಂಬುದು ಅವಳ ಎದೆಯಲ್ಲಿ ಮುರಿದ ಮುಳ್ಳಿನಂತೆ ನಿಂತಿತು. ಅವಳದು ಒಂದು ಮೋಟಾರಲ್ಲ. ಎರಡೂವರೆ ವರ್ಷದ ಮಧ್ಯಾಹ್ನಗಳು. ಅವನ್ನೆಲ್ಲ ನುಂಗಿದ ಯಂತ್ರ ಇನ್ನು ಮೇಲೆ ಬೆಳಿಗ್ಗೆ, ಸಂಜೆ, ಎಲ್ಲ ಹೊತ್ತಿನಲ್ಲೂ ಅವಳ ದಣಿದ ಕಿವಿಯಿಂದಲೇ ಕೇಳಲಿತ್ತು.

ಬೆಳಕು ಹರಿಯುವ ಮೊದಲೇ ಇಬ್ಬರೂ ಎದ್ದರು. ಜೇನು ಬಿಸಿಲು ಏರದೆ ಹೊರಡುವುದಿಲ್ಲ. ಅವಳು ಹಳೆಯ ಪತ್ತಲದ ಸೀರೆಯೊಂದನ್ನು ಒದ್ದೆ ಮಾಡಿ ನಾಲ್ಕು ಮಡಿಕೆ ಮಾಡಿ ಬಿರುಕಿನ ಮೇಲೆ ಹೊದಿಸಿದಳು. ಅವನು ತನ್ನ ಅರ್ಧ ಮಡಿಚಿದ ಎರಡೂ ಕೈಯಿಂದ ಅದನ್ನು ಗೋಡೆಗೆ ಒತ್ತಿ ಹಿಡಿದು ನಿಂತ. ಅವಳು ನಾಲ್ಕೂ ಅಂಚಿಗೆ ಹಸಿ ಮಣ್ಣು ಮೆತ್ತಿದಳು. ಆರಕ್ಕೆ ಡ್ರೋನು ಬಂತು. ಬೇವಿನ ಮರದ ಮೇಲಿನಿಂದ ಬಿಳಿಯ ಮಂಜು ಇಳಿದು, ಹಿತ್ತಲನ್ನು ತುಂಬಿ, ಹಾಗಲಬಳ್ಳಿಯನ್ನು ಮರೆಮಾಡಿ, ಹತ್ತು ನಿಮಿಷದಲ್ಲಿ ಕರಗಿತು. ವಾಸನೆಯಿಲ್ಲ, ಕಣ್ಣುರಿಯಿಲ್ಲ. ಮನುಷ್ಯರಿಗೆ ಏನೂ ಆಗುವುದಿಲ್ಲವೆಂಬುದು ನಿಜವೇ. ಅವನು ಕೈ ತೆಗೆಯಲಿಲ್ಲ. ಎಲೆಗಳು ಒಣಗುವ ತನಕ, ಒಂಬತ್ತು ಗಂಟೆಯವರೆಗೂ, ಬಟ್ಟೆಗೆ ನೀರು ಹನಿಸುತ್ತ ಅಲ್ಲೇ ನಿಂತ.

ಮಹಾನಂದಾ ಕೇಂದ್ರಕ್ಕೆ ಹೋಗಿ ಕುರ್ಚಿಯಲ್ಲಿ ಕೂರಲಿಲ್ಲ. ನೇರ ಫೌಜಿಯಾಳ ಕೋಣೆಗೆ ಹೋಗಿ, ನಿಂತೇ ಎಲ್ಲವನ್ನೂ ಹೇಳಿದಳು. ಮೂರು ಗಂಟೆಯ ನಂತರ ತಾನು ಕೇಳುವುದಿಲ್ಲ, ಬರೀ ಒತ್ತುತ್ತೇನೆ ಎಂದಳು. ಗಂಡನ ಬೆರಳು ನೆನಪಾದರೆ ಇನ್ನೂ ಜೋರಾಗಿ ಒತ್ತುತ್ತೇನೆ ಎಂದಳು. ತನಗೆ ಅನುಮಾನ ಇಲ್ಲವೆಂದು ಯಂತ್ರ ತಿಳಿದದ್ದು ತಪ್ಪು. ಅನುಮಾನ ಪಡುವಷ್ಟು ತ್ರಾಣ ಇರಲಿಲ್ಲ, ಅಷ್ಟೆ ಎಂದಳು.

ಫೌಜಿಯಾ ಬಾಗಿಲು ಮುಚ್ಚಿದಳು. “ಎಷ್ಟು ದಿವಸದಿಂದ, ಅಕ್ಕಾರ?”

“ಎರಡನೇ ತಿಂಗಳಿನಿಂದ.”

“ಇಪ್ಪತ್ತೆಂಟು ಲಕ್ಷ ಉತ್ತರ ಅದಾವ ನಿಮ್ಮವು.”

“ಅರ್ಧ ಮುಂಜಾನೇವು. ಅವು ಸುಳ್ಳಲ್ಲ.”

“ಅದನ್ನ ಹೆಂಗ ನಂಬೂದು? ಯಾವುದು ಸುಳ್ಳು, ಯಾವುದು ಖರೆ ಅಂತ ಹೆಂಗ ಹೇಳೂದು?” ಎಂದಳು ಫೌಜಿಯಾ. ಅದು ಅವಳ ಮೊದಲ ಯಂತ್ರ.

ದಾರಿ ಹೊಳೆದದ್ದು ಮಹಾನಂದಾಳಿಗೇ. ಕೇಂದ್ರ ಶುರುವಾದಾಗ ಯಂತ್ರದ ಪರೀಕ್ಷೆಗೆಂದು ಹತ್ತು ಮನೆಗಳ ಹಿತ್ತಲಲ್ಲಿ ಹಳದಿ ಅಂಟುಹಾಳೆ ತೂಗುಹಾಕಿದ್ದರು. ದಿನಕ್ಕೊಂದು ಹಾಳೆ, ಹಾರಿ ಬಂದ ಹುಳ ಅಂಟಿಕೊಳ್ಳುತ್ತದೆ. ಹಾಳೆ ಬದಲಿಸಿ ತಾರೀಖು ಬರೆದು ತರುವ ಕೆಲಸ ಇನ್ನೂ ನಡೆದೇ ಇತ್ತು. ನೋಡುವ ಕೆಲಸ ನಿಂತು ಎರಡು ವರ್ಷವಾಗಿತ್ತು. ಹಾಳೆಗಳು ಉಗ್ರಾಣದ ಕಪಾಟಿನಲ್ಲಿ ಕಟ್ಟುಕಟ್ಟಾಗಿ ಬಿದ್ದಿದ್ದವು.

ಇಬ್ಬರೂ ಎರಡು ದಿನ ಉಗ್ರಾಣದಲ್ಲೇ ಕೂತರು. ಮಹಾನಂದಾ ಭೂತಗನ್ನಡಿ ಹಿಡಿದು ಹಾಳೆಯ ಮೇಲಿನ ಒಂದೊಂದೇ ಹುಳದ ಹೆಸರು ಹೇಳುತ್ತಿದ್ದಳು, ಫೌಜಿಯಾ ಬರೆದುಕೊಳ್ಳುತ್ತಿದ್ದಳು. ಇಪ್ಪತ್ತು ವರ್ಷದ ಹಳೆಯ ಅಭ್ಯಾಸ, ಕಣ್ಣು ಮರೆತಿರಲಿಲ್ಲ. ಬಿಳಿನೊಣ, ಎಲೆಜಿಗಿಹುಳ, ಪರಾಗದ ಪುಟ್ಟ ಕಣಜ, ಮುಜಂಟಿ, ಮುಜಂಟಿ, ಮೋರಿನೊಣ, ಒಂದು ಕೀಲುಸೊಳ್ಳೆ, ಮತ್ತೆ ಮುಜಂಟಿ. ಅದೇ ಮನೆಯ, ಅದೇ ದಿನದ ಸದ್ದುಗಳಿಗೆ ಅವಳು ಕೊಟ್ಟ ಉತ್ತರವನ್ನು ಪಕ್ಕಕ್ಕಿಟ್ಟು ನೋಡಿದರು. ಬೆಳಗಿನ ಉತ್ತರಗಳು ಹಾಳೆಗೆ ಹೆಚ್ಚುಕಡಿಮೆ ಹೊಂದುತ್ತಿದ್ದವು. ಮಧ್ಯಾಹ್ನ ಇಪ್ಪತ್ತು ಸೊಳ್ಳೆ ಎಂದು ಒತ್ತಿದ ದಿನ ಹಾಳೆಯ ಮೇಲೆ ಒಂದೋ ಎರಡೋ. ಇನ್ನೊಂದೂ ಕಂಡಿತು. ಮೊದಲ ವರ್ಷದ ಹಾಳೆಗಳಲ್ಲಿ ಎಳ್ಳು ಚೆಲ್ಲಿದ ಹಾಗೆ ಇದ್ದ ಮುಜಂಟಿ ಎರಡನೆಯ ವರ್ಷ ಅಲ್ಲೊಂದು ಇಲ್ಲೊಂದಾಗಿ, ಈ ವರ್ಷದ ಹಾಳೆಗಳಲ್ಲಿ ಇರಲೇ ಇಲ್ಲ.

ಕೊನೆಯ ಕಟ್ಟು ಬಿಚ್ಚಿದಾಗ ಮಹಾನಂದಾ ಭೂತಗನ್ನಡಿ ಕೆಳಗಿಟ್ಟು ಕಣ್ಣುಜ್ಜಿಕೊಂಡಳು. ಅಳು ಬರಲಿಲ್ಲ. ಅಳುವುದೂ ಒಂದು ಕೆಲಸದಂತೆ ಕಂಡಿತು.

ಗುರುವಾರ ಫೌಜಿಯಾ ಅವಳನ್ನು ಕರೆದುಕೊಂಡು ನಿರ್ದೇಶಕರ ಮುಂದೆ ನಿಂತಳು. ಅವರು ಹಾಳೆಗಳನ್ನು ನೋಡಿದರು. ಕೆಟ್ಟ ಮನುಷ್ಯರಲ್ಲ. ಬಹಳ ಹೊತ್ತು ಹಣೆ ತಿಕ್ಕಿಕೊಂಡು ಒಂದೇ ಪ್ರಶ್ನೆ ಕೇಳಿದರು.

“ಈಕೀ ಮಧ್ಯಾಹ್ನದ ಉತ್ತರ ತಗದ್ರ ಯಂತ್ರ ಮಂಜು ಹೊಡಿಯೂದು ಕಡಿಮಿ ಆಗತೈತಿ. ಅದರಾಗ ಒಂದೆರಡು ಓಣಿ ತಪ್ಪಿ ಉಳದು ಅಲ್ಲಿ ಜ್ವರಾ ಬಂದ್ರ ಯಾರು ಜವಾಬ್ದಾರಿ?”

ಮಹಾನಂದಾ ಹೇಳಿದಳು: “ಬರಬಹುದು ಸಾಹೇಬ್ರ. ಬರೂದಿಲ್ಲ ಅಂತ ನಾ ಹೇಳೂದಿಲ್ಲ. ನನ್ನ ಮನ್ಯಾಗ ಬಂದೈತಿ. ಆದ್ರ ಇಲ್ಲದ ಸೊಳ್ಳಿಗೆ ಔಷಧ ಹೊಡದ್ರ ಇರೂ ಸೊಳ್ಳಿ ಸಾಯೂದಿಲ್ಲ. ಯಂತ್ರಕ್ಕ ಸುಳ್ಳು ಕಲಿಸಿದಾಕಿ ನಾನು. ನನ್ನ ಹೆಸರು ಬರಕೋರಿ. ಮತ್ತ ನನ್ನನ್ನ ಮನಿಮನಿಗೆ ಕಳಸ್ರಿ. ಕಿವಿಗೂಡು ಹೇಳಿದ್ದು ಖರೆ ಐತೋ ಇಲ್ಲೋ ಕಣ್ಣಿಲೆ ನೋಡಿ ಬರತೇನಿ.”

ಹೊಸ ಯಂತ್ರ ಮೂರು ತಿಂಗಳು ಮುಂದೆ ಹೋಯಿತು. ಅವಳ ಮಧ್ಯಾಹ್ನದ ಉತ್ತರಗಳನ್ನೆಲ್ಲ ತೆಗೆದುಹಾಕಿ ಫೌಜಿಯಾ ಅದನ್ನು ಮೊದಲಿನಿಂದ ಕಲಿಸಿದಳು. ಉಳಿದ ಹನ್ನೊಂದು ಜನರ ಮಧ್ಯಾಹ್ನಗಳನ್ನೂ ಪರೀಕ್ಷಿಸಬೇಕಾಯಿತು. ಅವೂ ಅಂಥ ಬೇರೆಯಾಗಿರಲಿಲ್ಲ. ಮಹಾನಂದಾಳ ಕಡತದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು ಬಿತ್ತು. ಕುರ್ಚಿ ಹೋಯಿತು, ತಿರುಗಾಟ ಬಂತು. ದಿನಕ್ಕೆ ಮೂವತ್ತು ಹಿತ್ತಲು. ಮಡಿಸುವ ಏಣಿ, ಅಂಟುಹಾಳೆ, ಭೂತಗನ್ನಡಿ. ಮೊದಲು ಕಿವಿ ಸೋಲುತ್ತಿತ್ತು, ಈಗ ಮೊಣಕಾಲು ಸೋಲತೊಡಗಿತು.

ಮನೆಯ ಗೋಡೆಯಲ್ಲಿ ಹೊದಿಸಿದ್ದ ಬಟ್ಟೆ ತೆಗೆದ ದಿನ ಎರಡು ಹುಳ ಸತ್ತು ಕೆಳಗೆ ಬಿದ್ದಿದ್ದವಂತೆ. ಉಳಿದವು ಹಾರಿದವು. ದಸರೆಯ ಹೊತ್ತಿಗೆ ಬಳ್ಳಿಯಲ್ಲಿ ಐದು ಹಾಗಲಕಾಯಿ ಆದವು. ಚೆನ್ನವೀರ ಅವನ್ನು ಕೀಳದೆ ಹಣ್ಣಾಗಲು ಬಿಟ್ಟ, ಬೀಜಕ್ಕೆ.

ಆದರೆ ಕಾರ್ತಿಕದಲ್ಲಿ ನಿರ್ದೇಶಕರ ಮಾತೂ ನಿಜವಾಯಿತು. ಕೆಲಗೇರಿಯ ಕೆರೆ ಕಡೆಯ ಓಣಿಯೊಂದರಲ್ಲಿ ಕಸ್ತೂರಿ ಎಂಬ ಹೆಂಗಸಿಗೆ ಕೀಲುಜ್ವರ ಬಂತು. ಮೂವತ್ತೆರಡು ವರ್ಷ, ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುವವಳು. ಅಕ್ಕ ಯಲ್ಲವ್ವನ ಜೊತೆ ಇದ್ದಳು. ಮಹಾನಂದಾ ಫೌಜಿಯಾಳನ್ನು ಕೇಳಿದಳು. ಆ ಓಣಿಯ ಲೆಕ್ಕ ಎಷ್ಟಿತ್ತು? ಹೊಸ ಯಂತ್ರ ಮೂವತ್ತೆಂಟು ಎಂದಿತ್ತು. ಹಳೆಯದಾಗಿದ್ದರೆ ಐವತ್ತು ಎನ್ನುತ್ತಿತ್ತು, ಮಂಜು ಬೀಳುತ್ತಿತ್ತು.

“ಬಿದ್ದಿದ್ರೂ ಬರತಿತ್ತೋ ಏನೋ, ಅಕ್ಕಾರ,” ಎಂದಳು ಫೌಜಿಯಾ. “ಹಂಗ ಹೇಳಾಕ ಆಗೂದಿಲ್ಲ.”

“ಹೌದ್ರಿ,” ಎಂದಳು ಮಹಾನಂದಾ. “ಹೇಳಾಕ ಆಗೂದಿಲ್ಲ.”

ಜ್ವರ ಇಳಿದ ಮೇಲಿನ ಮೂರು ವಾರವೇ ಮುಖ್ಯವೆಂದು ವೈದ್ಯರು ಈಗ ಹೇಳುತ್ತಿದ್ದರು. ದಿನವೂ ಬಿಸಿ ಎಣ್ಣೆ ಹಚ್ಚಿ ಒಂದೊಂದೇ ಕೀಲನ್ನು ಮಡಿಚಿ ಬಿಡಿಸಿದರೆ ಬೆರಳು ಬಿಗಿಯುವುದಿಲ್ಲ, ಅಥವಾ ಕಡಿಮೆ ಬಿಗಿಯುತ್ತದೆ. ಚೆನ್ನವೀರನ ಕಾಲಕ್ಕೆ ಇದು ಯಾರಿಗೂ ತಿಳಿದಿರಲಿಲ್ಲ. ಮಹಾನಂದಾ ದವಾಖಾನೆಗೆ ಹೋಗಿ ನರ್ಸ್ ಹತ್ತಿರ ಆ ಉಜ್ಜುವಿಕೆ ಕಲಿತು ಬಂದು, ಕೆಲಗೇರಿಯ ಆ ಮನೆಯ ಬಾಗಿಲು ತಟ್ಟಿದಳು.

ಯಲ್ಲವ್ವ ಬಾಗಿಲು ಅರ್ಧವೇ ತೆರೆದಳು. “ಔಷಧ ಹೊಡಿಯೂದು ನಿಂದ್ರಿಸಿದಾಕಿ ನೀವ ಏನು?”

“ಹೌದ್ರಿ. ನಾನ.”

“ಮತ್ತ ಈಗ ಯಾಕ ಬಂದೀರಿ?”

“ಆಕೀ ಕೈ ತಿಕ್ಕಾಕ.”

ಯಲ್ಲವ್ವ ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಬಾಗಿಲು ಮುಚ್ಚಲಿಲ್ಲ.

ಇಪ್ಪತ್ತೊಂದು ದಿನ ಮಹಾನಂದಾ ಬೆಳಿಗ್ಗೆ ಏಳಕ್ಕೆ ಅಲ್ಲಿಗೆ ಹೋದಳು. ಎಳ್ಳೆಣ್ಣೆ ಬಿಸಿ ಮಾಡುತ್ತಿದ್ದಳು. ಕಸ್ತೂರಿಯ ಬೆರಳನ್ನು ಒಂದೊಂದಾಗಿ ಹಿಡಿದು, ಮೂರು ಗಿಣ್ಣನ್ನೂ ಮಡಿಚಿ, ಬಿಡಿಸಿ, ಮತ್ತೆ ಮಡಿಚುತ್ತಿದ್ದಳು. ಕಸ್ತೂರಿ ನೋವಿಗೆ ಕಿರುಚುತ್ತಿದ್ದಳು. ಮೊದಲ ವಾರ ಬೈದಳು. ಎರಡನೆಯ ವಾರ ತನ್ನ ರೊಟ್ಟಿಯ ಮಾತು ಹೇಳಿದಳು. ದಿನಕ್ಕೆ ನೂರೈವತ್ತು ಬಡಿಯುತ್ತಿದ್ದೆ, ಅಂಚಿನಲ್ಲಿ ಒಂದೂ ಸೀಳು ಬೀಳುತ್ತಿರಲಿಲ್ಲ ಎಂದಳು. ಯಲ್ಲವ್ವ ಮಾತ್ರ ಮೂಲೆಯಲ್ಲಿ ಕೂತು ಜೋಳ ಹಸನು ಮಾಡುತ್ತ ನೋಡುತ್ತಿದ್ದಳು. ಬಾ ಎನ್ನಲಿಲ್ಲ, ಕೂಡು ಎನ್ನಲಿಲ್ಲ. ಅಲ್ಲಿಂದ ಮಹಾನಂದಾ ಮೂವತ್ತು ಹಿತ್ತಲು ತಿರುಗಿ ಸಂಜೆ ಮನೆ ಮುಟ್ಟುತ್ತಿದ್ದಳು.

ಇಪ್ಪತ್ತೊಂದನೆಯ ದಿನ ಕಸ್ತೂರಿಯ ಬಲಗೈ ಪೂರ್ತಿ ಬಿಚ್ಚಿಕೊಂಡಿತು. ಎಡಗೈಯ ಎರಡು ಬೆರಳು ಇನ್ನೂ ಸೊಟ್ಟಗೇ ಇದ್ದವು. ಎಣ್ಣೆಯ ಬಟ್ಟಲು ತೊಳೆದಿಟ್ಟು ಮಹಾನಂದಾ ಏಳುವಾಗ ಯಲ್ಲವ್ವ ಮೊದಲ ಸಲ ತಾನಾಗಿ ಮಾತಾಡಿದಳು.

“ನಾಳಿಂದ ಬರಬ್ಯಾಡ್ರಿ.”

ಮಹಾನಂದಾ ನಿಂತಳು.

“ನಾ ನೋಡಿ ಕಲತೇನಿ. ಉಳದದ್ದು ನಾ ಮಾಡತೇನಿ.”

ಅದು ಕ್ಷಮೆಯೋ, ಸಾಕು ನಡೆ ಎಂಬ ಮಾತೋ ಮಹಾನಂದಾಳಿಗೆ ತಿಳಿಯಲಿಲ್ಲ. ಹೂಂ ಎಂದು ಮೆಟ್ಟಿಲಿಳಿದು, ಏಣಿ ಹೆಗಲಿಗೇರಿಸಿ ಬಸ್ ನಿಲ್ದಾಣದವರೆಗೆ ನಡೆದಳು. ಬಿಸಿಲು ಹಿತವಾಗಿತ್ತು. ಸಿಮೆಂಟಿನ ಕಟ್ಟೆಯ ಮೇಲೆ ಏಣಿ ಒರಗಿಸಿ, ಎಣ್ಣೆಯ ಜಿಡ್ಡಿನ್ನೂ ಆರದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಒಂದು ಬಸ್ಸು ಬಂತು. ಕಂಡಕ್ಟರು ಇಳಿದು ಕೂಗಿದ, ಸ್ವಲ್ಪ ಕಾದ, ಸೀಟಿ ಊದಿದ. ಬಸ್ಸು ಹೋಯಿತು. ಅವಳ ತಲೆ ಏಣಿಗೆ ಆತುಕೊಂಡಿತ್ತು, ಬಾಯಿ ಚೂರು ತೆರೆದಿತ್ತು. ಅದರ ಹಿಂದೆಯೇ ಬಂದ ಇನ್ನೊಂದು ಬಸ್ಸೂ ಹೋಯಿತು. ಮಹಾನಂದಾ ನಿದ್ದೆ ಮಾಡುತ್ತಿದ್ದಳು.